ಖಾಯಂ ಹುದ್ದೆ ಮತ್ತು ಋಣಭಾವ: ಜರ್ಮನಿಯ ಕಿರಿಯ ಸಂಶೋಧಕಿಗೆ ಪತ್ರ

ಜರ್ಮನಿಯಲ್ಲಿ ನೆಲೆ ಕಂಡುಕೊಳ್ಳುತ್ತಿರುವ ಕಿರಿಯ ಸಂಶೋಧಕಿಗೆ, ಅದೇ ದೇಶದಲ್ಲಿ ಪಾಠ ಹೇಳಿ ನಿವೃತ್ತಳಾದ ಹಿರಿಯ ಅಧ್ಯಾಪಕಿಯ ಆಶೀರ್ವಾದಗಳು.

ಸಣ್ಣ ಊರಿನ ಖಾಯಂ ಹುದ್ದೆಯನ್ನು ಬಿಟ್ಟು ಬರ್ಲಿನ್ನಿನ ಹೆಸರಾಂತ ಸಂಸ್ಥೆಯ ಎರಡು ವರ್ಷದ ಗುತ್ತಿಗೆಗೆ ಕಿರಿಯಳ ಮನಸ್ಸು ವಾಲಿದೆಯೆಂಬ ಸುದ್ದಿ ಕಳವಳವನ್ನೂ, ಮುಚ್ಚಿಡಲಾಗದಷ್ಟು ಸಿಟ್ಟನ್ನೂ ತಂದಿದೆ. 2007ರ ಕಾಯ್ದೆಯಂತೆ ಜರ್ಮನಿಯ ವಿಶ್ವವಿದ್ಯಾಲಯಗಳು ಸಂಶೋಧಕರನ್ನು ಅವಧಿ ಗುತ್ತಿಗೆಯ ಮೇಲೆ ಸಾಮಾನ್ಯವಾಗಿ ಪಿಎಚ್.ಡಿ.ಗೆ ಮುನ್ನ 6 ವರ್ಷ, ಅನಂತರ 6 ವರ್ಷ ಇಟ್ಟುಕೊಳ್ಳಬಹುದು. ಮಕ್ಕಳ ಪಾಲನೆಗೆ, ಹೊರಗಿನ ಅನುದಾನದ ಯೋಜನೆಗಳಿಗೆ ವಿನಾಯಿತಿಗಳಿದ್ದರೂ, ವಿದೇಶೀಯಳ ವಾಸದ ಪರವಾನಗಿ ಹೆಚ್ಚಾಗಿ ಉದ್ಯೋಗಕ್ಕೆ ಅಂಟಿಕೊಂಡಿರುವುದರಿಂದ ಗುತ್ತಿಗೆ ಮುಗಿದರೆ ಆಕೆಗೆ ಕೆಲಸದ ಜೊತೆ ನೆಲೆಯೂ ಅಲುಗಾಡುತ್ತದೆ.

ಈ ಪತ್ರದ ಲೇಖಕಿ ಪಿಎಚ್.ಡಿ. ಬಳಿಕ ಹಬಿಲಿಟಾಟ್ಸಿಯೋನ್, ಅಂದರೆ ಪ್ರಾಧ್ಯಾಪಕತ್ವದ ಅರ್ಹತೆಗಾಗಿ ಬರೆಯುವ ಎರಡನೆಯ ಮಹಾಪ್ರಬಂಧ, ಮುಗಿಸಿ ಪ್ರಿವಾಟ್‌ಡೊಟ್ಸೆಂಟ್ ಎನಿಸಿಕೊಂಡವಳು. ಪಾಠ ಮಾಡುವ ಹಕ್ಕನ್ನು ಕೊಡುವ ಈ ಬಿರುದು ಹುದ್ದೆಯನ್ನಾಗಲಿ ಸಂಬಳವನ್ನಾಗಲಿ ಕೊಡುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಆಗಾಗ ಬಿಟ್ಟಿ ಪಾಠವನ್ನೂ ಮಾಡಬೇಕಾಗುತ್ತದೆ. ಧಾರವಾಡದಿಂದ ತಂದೆ ಬರೆಯುತ್ತಿದ್ದ ಪತ್ರಗಳ ವಿಳಾಸದಲ್ಲಿ 'ಪ್ರೊಫೆಸರ್' ಎಂದಿರುತ್ತಿತ್ತು; ವಿದೇಶೀಯರ ಕಚೇರಿಯ ಗುಮಾಸ್ತೆಯಾದರೋ ಬಿರುದಿನ ಪತ್ರವನ್ನು ಮಡಿಕೆ ಬಿಚ್ಚದೆ ಹಿಂದಕ್ಕೆ ತಳ್ಳಿ, ಮೂರು ತಿಂಗಳ ಸಂಬಳದ ಚೀಟಿ ಕೇಳಿದಳು. ವಿಭಾಗದವರು ಹಬ್ಬಕ್ಕೆ ಕರೆಯುತ್ತಿದ್ದರು, ಮುನ್ನುಡಿಗಳಲ್ಲಿ ಕೃತಜ್ಞತೆ ಹೇಳುತ್ತಿದ್ದರು, ಹುದ್ದೆ ಖಾಲಿಯಾದಾಗ ಮಾತ್ರ ಬೇರೆಯವರನ್ನು ನೇಮಿಸಿಕೊಳ್ಳುತ್ತಿದ್ದರು. ಲೇಖಕಿಯ ಮುಖ್ಯ ಪುಸ್ತಕ ಮುಗಿದದ್ದು ಸಣ್ಣ ಊರೊಂದರಲ್ಲಿ ಕೆಲಸ ಖಾಯಂ ಆದ ಮೇಲೆಯೇ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1907ರಲ್ಲಿ ವಿಯೆನ್ನಾದಿಂದ ಬರ್ಲಿನ್ನಿಗೆ ಬಂದ ಭೌತವಿಜ್ಞಾನಿ ಲಿಸೆ ಮೈಟ್ನರ್ ಮೊದಲ ವರ್ಷಗಳಲ್ಲಿ ಸಂಬಳವಿಲ್ಲದೆ, ಹಿಂದೆ ಬಡಗಿಯ ಕಾರ್ಯಾಗಾರವಾಗಿದ್ದ ಕೋಣೆಯಲ್ಲಿ ದುಡಿದರು. 1926ರಲ್ಲಿ ಪ್ರಾಧ್ಯಾಪಕಿಯಾದರೂ ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಪಾಠದ ಹಕ್ಕು ಹೋಯಿತು. 1938ರಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾದಾಗ ಪಾಸ್‌ಪೋರ್ಟೂ ನಿರುಪಯುಕ್ತವಾಗಿ, ಅವರು ಗುಟ್ಟಾಗಿ ಗಡಿ ದಾಟಬೇಕಾಯಿತು. ಇಂದಿನ ಜರ್ಮನಿ ಅಂದಿನದಲ್ಲ, ನಿಜ. ಆದರೆ ಹೊರಗಿನಿಂದ ಬಂದವಳ ವಿದ್ವತ್ತಿಗೆ ಕಾಗದದ ಆಸರೆ ಬೇಕೆಂಬುದು ಇಂದಿಗೂ ನಿಜ.

ಎರಡೂ ಕಡೆಯ ಒಳಿತು ಕೆಡುಕನ್ನು ತೂಗುವುದಾದರೆ, ಬರ್ಲಿನ್ನಿನಲ್ಲಿ ಗ್ರಂಥಾಲಯ, ಸಹವಾಸ, ಹೆಸರು ಮೂರೂ ಉಂಟು. ಖಾಯಂ ಹುದ್ದೆಯಿರುವ ಸಣ್ಣ ಊರಿನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ವಾರಕ್ಕೆ ಸುಮಾರು 18 ಗಂಟೆಯ ಪಾಠದ ಹೊರೆ. ಆದರೂ, ಕರೆದು ಕೂರಿಸಿದರೆಂಬ ಋಣಕ್ಕೆ ಬಡಿಸಿದಷ್ಟನ್ನೇ ಉಂಡು ಏಳುವ ನೆಂಟಳಂತೆ ವಿದುಷಿಯೊಬ್ಬಳು ಬಾಳುವುದು ವಿನಯವಲ್ಲ, ದಡ್ಡತನ. ಮಾತು ಒರಟಾಯಿತೆನ್ನಿಸಿದರೆ, ಅದು ಕಿರಿಯಳ ಪ್ರತಿಭೆಯ ಮೇಲಿನ ಸಂದೇಹದಿಂದಲ್ಲ, ಆ ಪ್ರತಿಭೆ ಅರ್ಜಿ ತುಂಬುವುದರಲ್ಲೇ ಸವೆದೀತೆಂಬ ಭಯದಿಂದ ಬಂದದ್ದು.

ಆಯ್ಕೆ ಆಕೆಯದೇ. ಎರಡು ವರ್ಷದ ಬಳಿಕ ಏನೆಂಬುದನ್ನು ಬರ್ಲಿನ್ನಿನವರು ಬರಹದಲ್ಲಿ ಕೊಟ್ಟರೆ ಸಂತೋಷವಾಗಿ ಹೋಗಲಿ. 'ನೋಡೋಣ' ಎಂದರೆ, ಅದೇ ಸಂಜೆ ಸಣ್ಣ ಊರಿನ ಪತ್ರಕ್ಕೆ ಸಹಿ ಹಾಕಲಿ.