ಕಾಂಕ್ರೀಟಿನ ಆಯುರ್ಮಾನ

ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿ ತೆಗೆಯಬಹುದು. ಕಾಂಕ್ರೀಟಿನೊಳಗೆ ಹುದುಗಿದ ಸರಳಿನ ತುಕ್ಕಾದರೋ ಕಣ್ಣಿಗೆ ಬೀಳುವ ವೇಳೆಗೆ ಹಾನಿ ಬಹಳಷ್ಟು ಮುಂದುವರಿದಿರುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ದಶಕಗಳ ಮಳೆಬಿಸಿಲು ಕಂಡ ತಾರಸಿಗಳೂ ಸಜ್ಜಗಳೂ ಅನೇಕ. ಅವುಗಳ ಉಳಿದ ಆಯುಷ್ಯವನ್ನು ಮುಂಗಾಣಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹೊಸ ಕಾಂಕ್ರೀಟು ಪ್ರಬಲ ಕ್ಷಾರಗುಣವುಳ್ಳದ್ದು; ಅದರ ಪಿ.ಎಚ್. ಮೌಲ್ಯ 12ಕ್ಕೂ ಮೇಲು. ಈ ಕ್ಷಾರದಿಂದಾಗಿ ಸರಳಿನ ಮೈಮೇಲೆ ಅತಿ ತೆಳುವಾದ ರಕ್ಷಾಪೊರೆಯೊಂದು ಮೂಡಿರುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೂಕ್ಷ್ಮರಂಧ್ರಗಳ ಮೂಲಕ ಒಳಸೇರಿ ಕ್ಷಾರಗುಣವನ್ನು ಮೆಲ್ಲನೆ ಕುಂದಿಸುತ್ತದೆ. ಪಿ.ಎಚ್. 9ರ ಆಸುಪಾಸಿಗೆ ಇಳಿದರೆ ಪೊರೆ ಅಳಿಯುತ್ತದೆ. ತೇವವೂ ಆಮ್ಲಜನಕವೂ ಕೂಡಿದಲ್ಲಿ ತುಕ್ಕು ಮೊದಲಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಇಮ್ಮಡಿಗೂ ಮಿಗಿಲಾದ ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಬಿರಿಯುತ್ತದೆ. ಕಡಲ ಸೀಮೆಯಲ್ಲಿ ಉಪ್ಪಿನ ಕ್ಲೋರೈಡೇ ಪೊರೆಯನ್ನು ಭೇದಿಸುತ್ತದೆ. ಗೋವೆಯ ಮಾಂಡವಿ ಸೇತುವೆ ಎರಡು ದಶಕ ತುಂಬುವ ಮೊದಲೇ 1986ರಲ್ಲಿ ಕುಸಿದುದು ಒಳಗಣ ಉಕ್ಕಿನ ತುಕ್ಕಿಗೆ ಕಹಿಯಾದ ನಿದರ್ಶನ.

1982ರಲ್ಲಿ ಸ್ವೀಡನ್ನಿನಲ್ಲಿ ಟೂಟಿ ಎಂಬ ಸಂಶೋಧಕನು ಈ ಆಯುಷ್ಯವನ್ನು ಎರಡು ಘಟ್ಟಗಳಾಗಿ ವಿಂಗಡಿಸಿದನು: ಸರಳಿನ ರಕ್ಷೆ ಅಳಿಯುವವರೆಗಿನ ಕಾಲ ಒಂದು, ತುಕ್ಕು ಬೆಳೆದು ಕಟ್ಟಡವನ್ನು ಕೆಡಿಸುವ ಕಾಲ ಇನ್ನೊಂದು. ಮೊದಲನೆಯದಕ್ಕೆ ಸರಳವಾದ ಲೆಕ್ಕವುಂಟು. ಕ್ಷಾರ ಅಳಿದ ಪದರದ ಆಳವು ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. 25 ವರ್ಷಗಳಲ್ಲಿ 10 ಮಿಲಿಮೀಟರು ಅಳಿದಿದ್ದರೆ, 20 ಮಿಲಿಮೀಟರು ತಲುಪಲು ಸುಮಾರು 100 ವರ್ಷ ಬೇಕು. ಹೊದಿಕೆ ಇಮ್ಮಡಿಯಾದರೆ ರಕ್ಷಣೆಯ ಕಾಲ ನಾಲ್ವಡಿ. ಹೊದಿಕೆ ಅರ್ಧವಾದರೆ ಕಾಲ ಕಾಲುಭಾಗ ಮಾತ್ರ. ಆಗತಾನೆ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣವನ್ನು ಸಿಂಪಡಿಸಿದರೆ ಕ್ಷಾರವುಳ್ಳ ಭಾಗ ಗುಲಾಬಿ ಬಣ್ಣ ತಾಳುತ್ತದೆ. ಅಳಿದ ಭಾಗ ಬಣ್ಣವೇರದು. ಆಳವನ್ನು ಅಳತೆಪಟ್ಟಿಯಿಂದಲೇ ಅಳೆಯಬಹುದು.

ಎರಡನೆಯ ಘಟ್ಟವನ್ನು ನಿರ್ಧರಿಸುವುದು ತೇವ. ಆದುದರಿಂದ ಒಣಗಿದ ಕೊಠಡಿಗಿಂತ ಬಚ್ಚಲುಮನೆ, ನೀರಿನ ತೊಟ್ಟಿ, ಸೋರುವ ತಾರಸಿಗಳನ್ನು ಮೊದಲು ಪರೀಕ್ಷಿಸುವುದು ಯುಕ್ತ. ಬಿರುಕಿನ ಮೇಲೆ ಗಾರೆ ಬಳಿದು ಸುಣ್ಣ ಹೊಡೆದರೆ ರೋಗ ಮರೆಯಾದೀತೇ ಹೊರತು ವಾಸಿಯಾಗದು.

2000ದ ಭಾರತೀಯ ಮಾನಕ ಐ.ಎಸ್. 456, ಸೌಮ್ಯ ಪರಿಸರದಲ್ಲಿ 20, ಮಧ್ಯಮದಲ್ಲಿ 30, ತೀವ್ರದಲ್ಲಿ 45 ಮಿಲಿಮೀಟರು ಹೊದಿಕೆಯನ್ನು ವಿಧಿಸಿದೆ. ಕಾಂಕ್ರೀಟು ಸುರಿಯುವ ದಿನ ಸರಳಿನಡಿ ಕವರ್ ಬ್ಲಾಕುಗಳನ್ನಿಡುವುದು, ಬಳಿಕ ಕನಿಷ್ಠ 7 ದಿನ ನೀರುಣಿಸುವುದು ಅಲ್ಪವೆಚ್ಚದ ಕೆಲಸ. ದಾನಿಗಳ ಹೆಸರು ಶಿಲಾಫಲಕದಲ್ಲಿ ಉಳಿಯುತ್ತದೆ. ಫಲಕವನ್ನು ಹೊತ್ತ ಗೋಡೆ ಉಳಿಯುವುದು ಈ ಎರಡಂಗುಲದೊಳಗಿನ ಎಚ್ಚರದಿಂದ.