ಗಾಜಿನ ಮೇಲಿನ ಬಿಳಿ ಗೆರೆ

ಮೀನಿನ ತೊಟ್ಟಿಯ ಗಾಜಿನ ಮೇಲೆ, ನೀರು ನಿಲ್ಲುವ ಮಟ್ಟದಲ್ಲಿ, ಬಿಳಿ ಗೆರೆಯೊಂದು ಕೂರುತ್ತದೆ. 'ಉಪ್ಪು ಕಟ್ಟಿದೆ' ಅನ್ನುತ್ತೇವೆ. ಅಡುಗೆ ಉಪ್ಪಿನಂಥದ್ದಾಗಿದ್ದರೆ ಒದ್ದೆ ಬಟ್ಟೆಗೇ ಕರಗಬೇಕಿತ್ತು. ಇದು ಕರಗುವುದಿಲ್ಲ, ಯಾಕೆಂದರೆ ಇದು ಸುಣ್ಣದ ಕಲ್ಲು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್, ನೀರು ಆರುತ್ತಾ ಹೋದಂತೆ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಗಾಜಿಗೆ ಅಂಟುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಮನೆಗಳಲ್ಲಿ ಗೀಸರಿನ ಕಾಯಿಲ್‌ಗೆ ಕಟ್ಟುವುದೂ ಬಹುಪಾಲು ಇದೇ. ತೊಟ್ಟಿ ನೋಡಿಕೊಳ್ಳುತ್ತಾ ನಾನು ಕಲಿತ ಮುಖ್ಯ ಪಾಠ ಇಷ್ಟು: ಕಲ್ಲನ್ನು ತಿಕ್ಕಿ ತೆಗೆಯಬಾರದು, ನೆನೆಸಿ ತೆಗೆಯಬೇಕು. ಗೆರೆಯ ಮೇಲೆ ಒಂದು ಹನಿ ವಿನೆಗರ್ ಇಟ್ಟು ಹತ್ತಿರದಿಂದ ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಹನಿಯ ಅಡಿಯ ಬಿಳುಪು ಮೆಲ್ಲಗೆ ತೆಳುವಾಗುತ್ತದೆ. ಆ ಕೆಲಸ ಆಮ್ಲದ್ದು, ತೋಳಿನದಲ್ಲ.

ಬ್ಲೇಡಿನಿಂದ ಹೆರೆದರೆ ಎರಡು ನಿಮಿಷದಲ್ಲಿ ಮುಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ನ್ಯಾಯವಿದೆ. ಮೋಸ್ ಮಾಪಕದಲ್ಲಿ ಈ ಸುಣ್ಣದ ಗಡಸುತನ 3, ಗಾಜಿನದು ಸುಮಾರು 5.5, ಸುಣ್ಣ ಗಾಜನ್ನು ಗೀರಲಾರದು. ಗೀರುವುದು ಅದರ ಜೊತೆ ಸಿಕ್ಕಿಕೊಂಡ ಮರಳಿನ ಕಣ, ಅದರ ಗಡಸುತನ 7. ಸ್ಪಂಜಿನಡಿ ಒಂದೇ ಒಂದು ಕಣ ಸೇರಿದರೂ ಬೀಳುವ ಗೀರು ಮತ್ತೆ ಹೋಗುವುದಿಲ್ಲ, ಪಾಚಿ ಹಿಡಿಯುವುದೂ ಅಲ್ಲೇ. ಮೂಲೆಯ ಸಿಲಿಕೋನ್ ಅಂಟಿಗೆ ಬ್ಲೇಡ್ ತಾಗಿದರೆ ತೊಟ್ಟಿಯೇ ಸೋರಬಹುದು. ತೊಟ್ಟಿ ಅಕ್ರಿಲಿಕ್ಕಿನದಾದರೆ ಲೋಹದ ಬ್ಲೇಡಿನ ಮಾತೇ ಬೇಡ. ಅಷ್ಟಕ್ಕೂ ಈ ಗೆರೆಯಿಂದ ಮೀನಿಗೆ ಯಾವ ಕೇಡೂ ಇಲ್ಲ, ಹಾಗಾಗಿ ಅವಸರ ಏಕೆ? ನೀರನ್ನು ಗೆರೆಗಿಂತ ಎರಡು ಅಂಗುಲ ಇಳಿಸಿ, ಬಿಳಿ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗೆರೆಯ ಮೇಲೆ ಅಂಟಿಸಿ ಕಾಲು ಗಂಟೆ ಬಿಟ್ಟು, ಒರೆಸಿ, ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದರೆ ಆಯಿತು. ದಪ್ಪ ಪದರಕ್ಕೆ ಇದನ್ನೇ ಎರಡು ಮೂರು ಸಲ ಮಾಡಬೇಕಾದೀತು. ಗುಳ್ಳೆಯೇ ಏಳದಿದ್ದರೆ ಅದು ಸುಣ್ಣವಲ್ಲ. ಎಷ್ಟು ವಿನೆಗರ್ ಸುರಿದರೂ ವ್ಯರ್ಥ.

ಆಮ್ಲ ನೀರಿಗೆ ಬಿದ್ದರೆ ಮೀನು ಸಾಯುವುದಿಲ್ಲವೇ ಎಂಬ ಭಯ ಸಹಜ, ಲೆಕ್ಕ ಹಾಕಿದರೆ ಅದು ತಗ್ಗುತ್ತದೆ. ಗೆರೆ ಮೂಡಿಸಿದ ಬೈಕಾರ್ಬನೇಟೇ ಆಮ್ಲವನ್ನೂ ತಣಿಸುತ್ತದೆ. ಲೀಟರಿಗೆ 200 ಮಿಲಿಗ್ರಾಂ ಕ್ಷಾರತೆಯ 100 ಲೀಟರ್ ನೀರಿಗೆ ಶೇಕಡ 5ರ ವಿನೆಗರ್ ಒಂದು ಟೀ ಚಮಚ ಬಿದ್ದರೂ, ಆ ಕ್ಷಾರತೆಯ ನೂರರಲ್ಲಿ ಒಂದು ಪಾಲು ಖರ್ಚಾಗುತ್ತದೆ ಅಷ್ಟೆ. ಸಣ್ಣ ಬೌಲಿಗೆ, ಮೆದು ನೀರಿನ ತೊಟ್ಟಿಗೆ ಈ ಲೆಕ್ಕ ನಡೆಯದು; ಅಲ್ಲಿ ಮೀನುಗಳನ್ನು ಬೇರೆಡೆಗೆ ಸಾಗಿಸಿಯೇ ಕೈಹಾಕಬೇಕು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಖಂಡಿತ ಬೇಡ. ಅದರಲ್ಲಿನ ಸಾಬೂನು, ಬಣ್ಣ, ವಾಸನೆಯ ಅಂಶಗಳು ಮೀನಿನ ಕಿವಿರಿಗೆ ಒಗ್ಗುವಂಥವಲ್ಲ; ಬ್ಲೀಚಿನ ಜೊತೆ ಬೆರೆತರೆ ಕ್ಲೋರಿನ್ ಅನಿಲ ಎದ್ದು ತೊಳೆಯುವವರ ಉಸಿರಿಗೇ ಕುತ್ತು.

ಗೆರೆ ಮತ್ತೆ ಮತ್ತೆ ಬರುವುದಕ್ಕೆ ಕಾರಣ ನಾವು ಆಗಾಗ ಸುರಿಯುವ ನೀರು. ಆರಿಹೋಗುವುದು ಬರೀ ನೀರು, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಸಲ್ಲುತ್ತದೆ. 400 ಇರುವ ನೀರನ್ನು ವಾರಕ್ಕೆ ಎರಡು ಲೀಟರ್ ತುಂಬಿದರೆ ಪ್ರತಿ ವಾರ 800 ಮಿಲಿಗ್ರಾಂ ಸೇರುತ್ತಾ ಹೋಗುತ್ತದೆ. ಆರ್‌ಒ ನೀರಿನಲ್ಲಿ ಖನಿಜವೇ ಇರುವುದಿಲ್ಲ, ಮೀನಿಗೆ ಆಗದು ಎನ್ನುವ ಆಕ್ಷೇಪ ಇಡೀ ತೊಟ್ಟಿಯ ನೀರನ್ನು ಬದಲಿಸುವಾಗ ಸರಿ. ಆರಿದಷ್ಟನ್ನು ಮಾತ್ರ ತುಂಬುವಾಗ ಖನಿಜ ಒಳಗೇ ಇರುತ್ತದೆ. ಅದಕ್ಕೆ ಆರ್‌ಒ ಅಥವಾ ಶುದ್ಧ ಮಳೆನೀರು, ವಾರದ ಬದಲಾವಣೆಗೆ ಮೀನು ಒಗ್ಗಿಕೊಂಡ ನೀರೇ, ತೊಟ್ಟಿಗೊಂದು ಮುಚ್ಚಳ.