ಪಿಂಚಣಿ: ನಷ್ಟ ಯಾರ ಹೆಗಲಿಗೆ?

ಅರ್ಥಶಾಸ್ತ್ರ ತರಗತಿಯಲ್ಲಿ ಖಾಸಗೀಕರಣದ ಪಾಠ ಮುಗಿದ ವಾರ, ನಾನು ನಾಲ್ವರಿಗೆ ಒಂದೇ ಪ್ರಶ್ನೆ ಕೇಳಿದೆ: ಸರ್ಕಾರಿ ಪಿಂಚಣಿಯ ಹಣ ಮಾರುಕಟ್ಟೆಗೆ ಹೋಗುವುದು ಸರಿಯೇ?

ಮೊದಲು ವಿಷಯ ತಿಳಿಯೋಣ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ಅನ್ವಯಿಸುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ನೌಕರ, ಶೇ 14ರಷ್ಟನ್ನು ಸರ್ಕಾರ ಕಟ್ಟುತ್ತವೆ. ಪಿಂಚಣಿ ನಿಧಿ ಸಂಸ್ಥೆಗಳು ಅದನ್ನು ಸಾಲಪತ್ರ, ಷೇರುಗಳಲ್ಲಿ ತೊಡಗಿಸುತ್ತವೆ. ನಿವೃತ್ತಿಯಾದಾಗ ಕನಿಷ್ಠ ಶೇ 40ರಷ್ಟು ಹಣವನ್ನು ವಿಮಾ ಕಂಪನಿಗೆ ಕೊಟ್ಟು ಮಾಸಿಕ ಪಿಂಚಣಿ ಕೊಳ್ಳಬೇಕು.

ಕಮಲಾಪುರದಲ್ಲಿರುವ ನಾನಾ ನಿವೃತ್ತ ಶಿಕ್ಷಕರು. ಹಳೆಯ ಪದ್ಧತಿಯಂತೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ಅವರಿಗೆ ನಿಗದಿಯಾಗಿತ್ತು. ತುಟ್ಟಿಭತ್ಯೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. "ಒಂದನೇ ತಾರೀಖಿನ ಚಿಂತೆ ನನಗಿಲ್ಲ" ಎಂದರು.

ಕಲಬುರಗಿಯಲ್ಲಿ ಶಿಕ್ಷಕರಾಗಿರುವ ಮಾಮು ಎನ್‌ಪಿಎಸ್‌ನವರು. ನಾವಿಬ್ಬರೂ ಲೆಕ್ಕ ಹಾಕಿದೆವು. ನಿವೃತ್ತಿಗೆ 40 ಲಕ್ಷ ರೂಪಾಯಿ ಕೂಡಿತು ಎನ್ನಿ. ಶೇ 40 ಎಂದರೆ 16 ಲಕ್ಷ. ವರ್ಷಕ್ಕೆ ಶೇ 6ರಂತೆ 96,000, ತಿಂಗಳಿಗೆ 8,000 ರೂಪಾಯಿ. ಉಳಿದ 24 ಲಕ್ಷ ಕೈಗೆ ಬರುತ್ತದೆ, ನಿಜ. ಆದರೆ ಬೆಲೆ ಏರಿದರೂ ಆ 8,000 ಏರದಿರಬಹುದು. ಮಾಮು ಪೆನ್ನು ಕೆಳಗಿಟ್ಟು ಸುಮ್ಮನಾದರು.

ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಇರುವ ಚಾಚಾ ಒಪ್ಪಲಿಲ್ಲ: "ನನ್ನ ಉಳಿತಾಯವೂ ಮಾರುಕಟ್ಟೆಯಲ್ಲೇ ಇದೆ. ಅವರಿಗೆ ಮಾತ್ರ ನಮ್ಮ ತೆರಿಗೆಯಿಂದ ಭರವಸೆ ಯಾಕೆ?"

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಅಜ್ಜಿಗೆ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಬರುತ್ತದೆ. "ಯವ್ವಾ, ನಮಗ ಬರೋದೇ ಇಷ್ಟು. ಇದನ್ನ ಸರ್ಕಾರನೇ ಕೊಡ್ಲಿ, ಕಂಪನಿ ಕೈಯಾಗ ಬ್ಯಾಡ" ಎಂದಳು.

ನಾಲ್ವರ ಮಾತು ಇಡೀ ಜಿಲ್ಲೆಯ ಅಭಿಪ್ರಾಯವಲ್ಲ. ಆದರೂ ನನಗೊಂದು ಪಾಠ ಸಿಕ್ಕಿತು. ನಷ್ಟ ತಾಳುವ ಶಕ್ತಿ ಇದ್ದವರಿಗೆ ಮಾರುಕಟ್ಟೆಯ ಭಯ ಕಡಿಮೆ. ಬೇರೆ ಆಸರೆ ಇಲ್ಲದವರಿಗೆ ಹೆಚ್ಚು. ಹಳೆಯ ಪದ್ಧತಿಯಲ್ಲಿ ಹೊಣೆ ಸರ್ಕಾರದ್ದು, ಅಂದರೆ ಮುಂದಿನ ತೆರಿಗೆದಾರರಾದ ನಮ್ಮದು. ಹೊಸದರಲ್ಲಿ ಅದು ನೌಕರನದು. "ಸರ್ಕಾರಿಯೋ, ಖಾಸಗಿಯೋ" ಎನ್ನುವುದಕ್ಕಿಂತ ಮೊದಲು "ನಷ್ಟವಾದರೆ ಯಾರು ಹೊರುತ್ತಾರೆ?" ಎಂದು ಕೇಳಬೇಕು. ನಿಮ್ಮ ಮನೆಯಲ್ಲೂ ಕೇಳಿ ನೋಡಿ.